ಎದೆಯ ಸುದ್ದಿ ಸೀಸೆಯಲ್ಲಿ

ಬೆಳಿಗ್ಗೆ ಏಳೂವರೆಗೆ ಯಾವ ಊರಿನ ಯಾವ ಲ್ಯಾಬಿಗಾದರೂ ಹೋಗಿ ನೋಡಿ. ರಕ್ತ ಕೊಟ್ಟವರು ಮೊಣಕೈ ಮಡಚಿ, ಹತ್ತಿ ಒತ್ತಿಕೊಂಡು, ದೊಡ್ಡದೊಂದು ಕೆಲಸ ಮುಗಿಸಿದ ನೆಮ್ಮದಿಯಲ್ಲಿ ಬೆಂಚಿನ ಮೇಲೆ ಕೂತಿರುತ್ತಾರೆ. ಮೂತ್ರದ ಡಬ್ಬಿ ಹಿಡಿದವರು ಮಾತ್ರ ಅದನ್ನು ಸೆರಗಿನ ಮರೆಯಲ್ಲೋ, ಹಳೆಯ ಪೇಪರಿನಲ್ಲೋ, ಔಷಧಿ ಅಂಗಡಿಯ ಕಂದು ಕವರಿನಲ್ಲೋ ಅಡಗಿಸಿಕೊಂಡು ಗೋಡೆ ಬದಿಗೆ ಸರಿಯುತ್ತಾರೆ. ಕೌಂಟರಿನ ಹುಡುಗಿ 'ಆ ಟ್ರೇನಲ್ಲಿ ಇಡಿ ಅಂಕಲ್' ಎಂದರೆ ಸಾಕು, ಇಟ್ಟವರು ತಿರುಗಿಯೂ ನೋಡುವುದಿಲ್ಲ. ರಕ್ತಕ್ಕಿರುವ ಮಾನ ಮೂತ್ರಕ್ಕಿಲ್ಲ. ಹೃದಯದ ವಿಷಯಕ್ಕೆ ಬಂದರಂತೂ ಮೂತ್ರಕ್ಕೆ ಇಲ್ಲೇನು ಕೆಲಸ, ಎಲ್ಲಿಯ ಎದೆ, ಎಲ್ಲಿಯ ಉಚ್ಚೆ ಎಂದು ಕೇಳುವವರೇ ಹೆಚ್ಚು.

ಸಂಬಂಧ ಇದೆ. ಬಹಳ ಹತ್ತಿರದ ಸಂಬಂಧವೇ ಇದೆ. ಅದನ್ನು ಕುರಿತು ನಿಧಾನವಾಗಿ ಹರಟಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ನಮ್ಮ ಹಳೆಯ ಪಂಡಿತರಿಗೆ ಈ ಸಂಕೋಚ ಇರಲಿಲ್ಲ. ಅಷ್ಟಸ್ಥಾನ ಪರೀಕ್ಷೆಯಲ್ಲಿ ನಾಡಿಯ ಬೆನ್ನಿಗೇ ಬರುವುದು ಮೂತ್ರ. ನಾಲಿಗೆ, ಧ್ವನಿ, ಕಣ್ಣು ಎಲ್ಲ ಆಮೇಲೆ. 'ಯೋಗರತ್ನಾಕರ'ದಲ್ಲಿ ತೈಲಬಿಂದು ಪರೀಕ್ಷೆ ಎಂದೇ ಒಂದು ವಿಧಾನವಿದೆ. ಬೆಳಗಿನ ಮೂತ್ರವನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಹಿಡಿದು, ಅದು ಅಲುಗಾಡದೆ ನಿಂತ ಮೇಲೆ ಎಣ್ಣೆಯ ಒಂದೇ ಹನಿ ಬಿಡುವುದು. ಹನಿ ಸರಸರ ಹರಡಿದರೆ ರೋಗ ವಾಸಿಯಾಗುತ್ತದೆ, ಮುಳುಗಿದರೆ ಅಸಾಧ್ಯ ಎಂದು ಲೆಕ್ಕ. ಯುರೋಪಿನ ವೈದ್ಯರು ಕೂಡ ಮಾಟುಲಾ ಎಂಬ ಉರುಟು ಹೊಟ್ಟೆಯ ಗಾಜಿನ ಸೀಸೆಯನ್ನು ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದರು. ಆ ಎಣ್ಣೆಹನಿ ಹೃದಯದ ಬಗ್ಗೆ ಏನಾದರೂ ಹೇಳುತ್ತಿತ್ತು ಎಂದು ನಾನು ವಾದಿಸುವುದಿಲ್ಲ. ಆದರೆ ದೇಹ ಹೊರಹಾಕಿದ್ದನ್ನು ಕಣ್ಣಿಟ್ಟು ನೋಡಿದರೆ ದೇಹದೊಳಗೆ ನಡೆದದ್ದು ತಿಳಿಯುತ್ತದೆ ಎಂಬ ಅವರ ನಂಬಿಕೆ ಸರಿಯಾಗಿಯೇ ಇತ್ತು.

ಹಳೇ ಮೈಸೂರು ಸೀಮೆಯ ಕೆರೆಗಳಿಗೆ, ನೀರು ನೋಡಿಕೊಳ್ಳಲು, ಒಬ್ಬ ನೀರುಗಂಟಿ ಇರುತ್ತಿದ್ದ. ಅನುಭವ ಇದ್ದವನು ಕೋಡಿಯಲ್ಲಿ ಹರಿಯುವ ನೀರಿನ ಬಣ್ಣ ನೋಡಿಯೇ, ಮೇಲೆ ಯಾವ ದಿಕ್ಕಿನಲ್ಲಿ ಮಳೆ ಹೊಡೆದಿದೆ, ಕೊಚ್ಚಿ ಬಂದದ್ದು ಯಾವ ಹೊಲದ ಮಣ್ಣು ಎಂದು ಹೇಳಬಲ್ಲವನಾಗಿದ್ದ. ರಕ್ತ ಮೂತ್ರಗಳ ರಿಪೋರ್ಟು ಓದುವುದೂ ಇಂಥದೇ ವಿದ್ಯೆ. ನಾವು ತಿಂದ ಅನ್ನ, ಬೇಳೆ, ಮೊಟ್ಟೆ, ಎಣ್ಣೆ ಒಳಗೆ ಹೋಗಿ ಒಡೆದು, ಕೂಡಿ, ಮತ್ತೆ ಒಡೆದು ಸಾವಿರಾರು ಸಣ್ಣ ರಾಸಾಯನಿಕಗಳಾಗುತ್ತವೆ. ಈ ಚಯಾಪಚಯದ ಚೂರುಗಳು ರಕ್ತದಲ್ಲಿ ತೇಲುತ್ತವೆ, ಬೇಡವಾದವು ಮೂತ್ರದಲ್ಲಿ ಇಳಿದು ಹೋಗುತ್ತವೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2013ರಲ್ಲಿ ಮನುಷ್ಯನ ಮೂತ್ರದಲ್ಲಿ ಸಿಗುವ ರಾಸಾಯನಿಕಗಳ ಪಟ್ಟಿ ಪ್ರಕಟಿಸಿದಾಗ ಅದು ಎರಡೂವರೆ ಸಾವಿರ ದಾಟಿತ್ತು. ಇಷ್ಟು ದೊಡ್ಡ ಸಂತೆಯಲ್ಲಿ ಹೃದಯಕ್ಕೆ ಸಂಬಂಧಿಸಿದ ಸುದ್ದಿ ಯಾವುದು ಎಂದು ಹುಡುಕುವವರು ಒಂದು ಮಾತನ್ನು ಸದಾ ನೆನಪಿಡಬೇಕು: ಕೋಡಿಯ ನೀರು ಕೆಂಪಾಗಿರುವುದು ಮಳೆಯ ಗುರುತು, ಮಳೆಗೆ ಕಾರಣವಲ್ಲ. ಈ ಒಂದು ವ್ಯತ್ಯಾಸವನ್ನು ಬಿಡಿಸಿ ತಿಳಿಯಲು ವೈದ್ಯವಿಜ್ಞಾನ ದಶಕಗಟ್ಟಲೆ ಶ್ರಮಪಟ್ಟಿದೆ.

ಅದಕ್ಕೆ ಮೊದಲು, ಎದೆಗೂ ಮೂತ್ರಕ್ಕೂ ನಂಟು ಬೆಸೆದ ಒಂದು ಪ್ರಯೋಗದ ಕಥೆ ಹೇಳಲೇಬೇಕು; ನನಗೆ ಅದು ಅಷ್ಟು ಇಷ್ಟ. ಹೃದಯದ ಮೇಲಿನ ಕೋಣೆಗಳ, ಅಂದರೆ ಹೃತ್ಕರ್ಣಗಳ, ಜೀವಕೋಶಗಳಲ್ಲಿ ಸಾಸಿವೆಯ ರಾಶಿ ಕಂಡಂತೆ ಸಣ್ಣ ಕಣಗಳಿರುವುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಕಾಲದಿಂದ ಗೊತ್ತಿತ್ತು. ಯಾಕಿವೆ ಎಂದು ಗೊತ್ತಿರಲಿಲ್ಲ. ಅರ್ಜೆಂಟೀನಾದಿಂದ ಕೆನಡಾದ ಕಿಂಗ್‌ಸ್ಟನ್ನಿಗೆ ಬಂದು ನೆಲೆಸಿದ್ದ ಅಡೋಲ್ಫೋ ಡಿ ಬೋಲ್ಡ್ ಆ ಕಣಗಳ ಬೆನ್ನು ಹತ್ತಿದರು. ಇಲಿಯ ಹೃತ್ಕರ್ಣವನ್ನು ಅರೆದು, ಆ ಸಾರವನ್ನು ಇನ್ನೊಂದು ಇಲಿಗೆ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಆ ಇಲಿಯ ಮೂತ್ರದ ಪ್ರಮಾಣ ಹತ್ತು ಪಟ್ಟು ಏರಿತು. ಹೊರಹೋದ ಸೋಡಿಯಂ ಮೂವತ್ತು ಪಟ್ಟಿಗೂ ಹೆಚ್ಚು. 1981ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅಲ್ಲಿಯವರೆಗೆ ಹೃದಯವೆಂದರೆ ಬರಿಯ ಪಂಪು ಎಂದುಕೊಂಡಿದ್ದ ಜಗತ್ತಿಗೆ, ಅದೂ ಹಾರ್ಮೋನು ಸುರಿಸುವ ಗ್ರಂಥಿ ಎಂದು ತಿಳಿಯಿತು. ಮೈಯಲ್ಲಿ ನೀರು, ಉಪ್ಪು ಹೆಚ್ಚಾಗಿ ಹೃದಯದ ಗೋಡೆ ಹಿಗ್ಗಿದರೆ, ಹೃದಯವೇ ಮೂತ್ರಪಿಂಡಕ್ಕೆ 'ಸ್ವಲ್ಪ ಇಳಿಸಪ್ಪ' ಎಂದು ಹೇಳಿ ಕಳಿಸುತ್ತದೆ. ಏಳು ವರ್ಷದ ಮೇಲೆ, 1988ರಲ್ಲಿ, ಜಪಾನಿನ ಸಂಶೋಧಕರು ಹಂದಿಯ ಮಿದುಳಿನಲ್ಲಿ ಇದರ ದಾಯಾದಿಯೊಂದನ್ನು ಕಂಡರು. ಅದು ಮುಖ್ಯವಾಗಿ ಹುಟ್ಟುವುದು ಹೃದಯದ ಕೆಳಗಿನ ಕೋಣೆಗಳಲ್ಲಿ ಎಂಬುದು ಆಮೇಲೆ ಗೊತ್ತಾಯಿತು. ಇವತ್ತು ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಗೆ ಪಾದದಲ್ಲಿ ಬಾವು ಎಂದು ಹೋದವರಿಗೆ ಡಾಕ್ಟರು ಬರೆಯುವ ಎನ್‌ಟಿ-ಪ್ರೋಬಿಎನ್‌ಪಿ ರಕ್ತಪರೀಕ್ಷೆ ಆ ವಂಶದ್ದೇ. ಹೃದಯ ಎಷ್ಟು ಹಿಗ್ಗಿ ಒದ್ದಾಡುತ್ತಿದೆ ಎಂಬುದರ ನೇರ ವರ್ತಮಾನ ಅದು.

ಇನ್ನು ಗುರುತು ಮತ್ತು ಕಾರಣದ ಜಗಳಕ್ಕೆ ಬರೋಣ. ಆ ಜಗಳವನ್ನು ಹೋಮೋಸಿಸ್ಟೀನಿನಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸುವುದಿಲ್ಲ. ಫುಲ್ ಬಾಡಿ ಚೆಕಪ್ ಮಾಡಿಸಿದವರ ರಿಪೋರ್ಟಿನ ನಡುವೆಲ್ಲೋ ದಪ್ಪ ಅಕ್ಷರದಲ್ಲಿ ಈ ಹೆಸರು ಕಂಡು, ಗಾಬರಿಯಿಂದ ಫೋನ್ ಮಾಡುವ ನೆಂಟರು ಎಲ್ಲರ ಮನೆಯಲ್ಲೂ ಇದ್ದಾರೆ.

ಇದರ ಕಥೆ ಶುರುವಾದದ್ದು ಮೂತ್ರದಿಂದಲೇ. 1962ರಲ್ಲಿ ಬೆಲ್‌ಫಾಸ್ಟಿನ ನೀನಾ ಕಾರ್ಸನ್ ಮತ್ತು ಡೆಸ್ಮಂಡ್ ನೀಲ್, ಬುದ್ಧಿ ಬೆಳವಣಿಗೆ ಹಿಂದುಳಿದ ಮಕ್ಕಳ ಮೂತ್ರವನ್ನು ಸಾಲಾಗಿ ಪರೀಕ್ಷಿಸುತ್ತಿದ್ದರು. ಇಬ್ಬರು ಅಕ್ಕತಂಗಿಯರ ಮೂತ್ರದಲ್ಲಿ, ಇರಬಾರದ ಹೋಮೋಸಿಸ್ಟಿನ್, ಅಂದರೆ ಹೋಮೋಸಿಸ್ಟೀನಿನ ಜೋಡಿರೂಪ, ಸಿಕ್ಕಿತು. ಅದೊಂದು ಅಪರೂಪದ ಆನುವಂಶಿಕ ಕಾಯಿಲೆ. ಅಂಥ ಮಕ್ಕಳ ರಕ್ತನಾಳಗಳಲ್ಲಿ ಚಿಕ್ಕ ವಯಸ್ಸಿಗೇ ರಕ್ತ ಹೆಪ್ಪುಗಟ್ಟುತ್ತಿತ್ತು.

ಬಾಸ್ಟನ್ನಿನಲ್ಲಿ ಕಿಲ್ಮರ್ ಮೆಕಲ್ಲಿ ಎಂಬ ಯುವ ರೋಗಶಾಸ್ತ್ರಜ್ಞ ಇದನ್ನು ಕೇಳಿ ಹಳೆಯ ಕಡತ ತೆಗೆಸಿದರು. 1933ರಲ್ಲಿ ಎಂಟು ವರ್ಷದ ಹುಡುಗನೊಬ್ಬ ಪಾರ್ಶ್ವವಾಯುವಿನಿಂದ ಅಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಮೂವತ್ತು ವರ್ಷದ ನಂತರ ಅದೇ ಕುಟುಂಬದ ಒಬ್ಬ ಹುಡುಗಿಗೆ ಈ ಕಾಯಿಲೆ ಎಂದು ಗೊತ್ತಾಗಿತ್ತು. ಆಸ್ಪತ್ರೆ ಜೋಪಾನ ಮಾಡಿಟ್ಟಿದ್ದ ಆ ಹುಡುಗನ ಅಂಗಾಂಶದ ಚೂರುಗಳನ್ನು ಮೆಕಲ್ಲಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ, ಎಂಟು ವರ್ಷದ ಮಗುವಿನ ರಕ್ತನಾಳಗಳು ಮುದುಕರ ನಾಳಗಳಂತೆ ದಪ್ಪಗಟ್ಟಿದ್ದವು. ಆಮೇಲೆ ಎರಡು ತಿಂಗಳ ಕೂಸೊಂದರ ಪ್ರಕರಣ ಬಂತು. ಆ ಕೂಸಿನ ದೋಷವೇ ಬೇರೆ, ಬಿ12 ವಿಟಮಿನ್ನನ್ನು ಬಳಸಿಕೊಳ್ಳಲಾಗದ ದೋಷ; ಆದರೂ ರಕ್ತನಾಳಗಳ ಅವಸ್ಥೆ ಅದೇ. ಇಬ್ಬರು ಮಕ್ಕಳಿಗೂ ಸಮಾನವಾಗಿದ್ದದ್ದು ಒಂದೇ, ಏರಿದ ಹೋಮೋಸಿಸ್ಟೀನ್. ಹಾಗಾದರೆ ರಕ್ತನಾಳ ಕೆಡಿಸುವುದು ಇದೇ ಎಂದು 1969ರಲ್ಲಿ ಮೆಕಲ್ಲಿ ಬರೆದರು. ದೊಡ್ಡವರ ಹೃದಯ ಕಾಯಿಲೆಗೂ ಇದು ಕಾರಣವಿರಬಹುದು ಎಂದರು. ಎಲ್ಲರೂ ಕೊಲೆಸ್ಟ್ರಾಲಿನ ಹಿಂದೆ ಓಡುತ್ತಿದ್ದ ಕಾಲ ಅದು. ಅವರ ಮಾತಿಗೆ ಬೆಲೆ ಸಿಗಲಿಲ್ಲ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಹಾರ್ವರ್ಡಿನ ಕೆಲಸವೂ ಹೋಯಿತು. ಮುಂದೆ ಪ್ರಾವಿಡೆನ್ಸ್ ಎಂಬ ಊರಿನ ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ ಕೆಲಸ ಹಿಡಿದು ಅದೇ ಸಂಶೋಧನೆ ಮುಂದುವರಿಸಿದರು. ಆ ಛಲಕ್ಕೆ ನನ್ನ ನಮಸ್ಕಾರ.

ತೊಂಬತ್ತರ ದಶಕದಲ್ಲಿ ಗಾಳಿ ತಿರುಗಿತು. ಹೋಮೋಸಿಸ್ಟೀನ್ ಹೆಚ್ಚಿದ್ದವರಲ್ಲಿ ಹಾರ್ಟ್ ಅಟ್ಯಾಕೂ ಹೆಚ್ಚು ಎಂದು ಒಂದರ ಹಿಂದೊಂದು ಅಧ್ಯಯನಗಳು ಹೇಳಿದವು. ಇದನ್ನು ಇಳಿಸುವುದೂ ಸುಲಭ: ಫೋಲಿಕ್ ಆಸಿಡ್, ಬಿ12, ಬಿ6, ಎಲ್ಲ ಅಗ್ಗದ ಮಾತ್ರೆಗಳು. ಇನ್ನೇನು ಬೇಕು? ಆದರೆ 2006ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಒಟ್ಟಿಗೆ ಬಂತು. ನಾರ್ವೆಯಲ್ಲಿ ಹಾರ್ಟ್ ಅಟ್ಯಾಕ್ ಆಗಿ ಉಳಿದ 3,749 ಜನ, ಕೆನಡಾದಿಂದ ನಡೆದ ಇನ್ನೊಂದರಲ್ಲಿ 5,522 ಜನ. ಮಾತ್ರೆ ನುಂಗಿದವರ ಹೋಮೋಸಿಸ್ಟೀನ್ ಹೇಳಿದಂತೆಯೇ ಇಳಿಯಿತು. ಹಾರ್ಟ್ ಅಟ್ಯಾಕು ಇಳಿಯಲಿಲ್ಲ. ಕೆನಡಾದ ಪ್ರಯೋಗದಲ್ಲಿ ಪಾರ್ಶ್ವವಾಯು ಮಾತ್ರ ಸ್ವಲ್ಪ ಕಡಿಮೆ ಕಂಡಿತು, ಅಷ್ಟೆ. ಕೋಡಿ ನೀರನ್ನು ಸೋಸಿ ತಿಳಿಮಾಡಿದ್ದಾಯಿತು. ಮೇಲಿನ ಮಳೆ ಹಾಗೆಯೇ ಸುರಿಯುತ್ತಿತ್ತು.

ಹಾಗಾದರೆ ಮೆಕಲ್ಲಿ ಸುಳ್ಳೇ? ಖಂಡಿತ ಅಲ್ಲ. ಆ ಮಕ್ಕಳಲ್ಲಿ ಹೋಮೋಸಿಸ್ಟೀನ್ ವಿಪರೀತ ಏರಿತ್ತು, ಅಲ್ಲಿ ಅದು ನಿಜವಾಗಿಯೂ ವಿಷ. ಅಂಥ ಮಕ್ಕಳಿಗೆ ಇವತ್ತು ಬೇಗ ಚಿಕಿತ್ಸೆ ಕೊಟ್ಟರೆ ಜೀವ ಉಳಿಯುತ್ತದೆ; ಅದಕ್ಕೆ ಬೆಲ್‌ಫಾಸ್ಟಿನ ಆ ಮೂತ್ರಪರೀಕ್ಷೆಯೇ ಮೂಲ. ನಮ್ಮ ನಿಮ್ಮ ರಿಪೋರ್ಟಿನಲ್ಲಿ ಕಾಣುವ ಸಣ್ಣ ಏರಿಕೆ ಬೇರೆ ವಿಚಾರ. ನಮ್ಮ ದೇಶದಲ್ಲಿ ಅದಕ್ಕೆ ಬಹಳ ಸಲ ಇರುವ ಅರ್ಥ ಬಿ12 ಸಾಲದು ಎಂದು. ಹೋಮೋಸಿಸ್ಟೀನನ್ನು ಮತ್ತೆ ಉಪಯೋಗಕ್ಕೆ ತರಲು ಬಿ12 ಬೇಕು. ಅದು ಸೊಪ್ಪು ಕಾಳುಗಳಲ್ಲಿ ಇಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಇದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಹಳ್ಳಿ, ಕೊಳೆಗೇರಿ, ನಗರದ ಮಧ್ಯಮವರ್ಗ, ಈ ಮೂರೂ ಕಡೆಯ 441 ಗಂಡಸರ ರಕ್ತ ನೋಡಿದಾಗ ಮೂವರಲ್ಲಿ ಇಬ್ಬರಿಗೆ ಬಿ12 ಕಡಿಮೆ ಇತ್ತು. ಎಲ್ಲಕ್ಕಿಂತ ಕೆಟ್ಟ ಸ್ಥಿತಿ ನಗರದ ಮಧ್ಯಮವರ್ಗದವರದು. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವ ಶುಗರ್‌ನವರಲ್ಲಿ ಬಿ12 ಇನ್ನಷ್ಟು ಇಳಿಯುತ್ತದೆ. ಪಾದ ಜುಮ್ಮೆನ್ನುವುದು, ನಡೆಯುವಾಗ ತೂರಾಡುವುದು, ಮರೆವು, ರಕ್ತಹೀನತೆ ಇವೆಲ್ಲ ಅದರಿಂದ ಬರಬಹುದು. ಆದ್ದರಿಂದ ಆ ದಪ್ಪ ಅಕ್ಷರ ಕಂಡವರು ಡಾಕ್ಟರನ್ನು ಕೇಳಿ ಬಿ12 ಸರಿಪಡಿಸಿಕೊಳ್ಳಲಿ. ನರಗಳಿಗೆ ಅದು ಬೇಕೇ ಬೇಕು. ಅದರಿಂದ ಹೃದಯವೂ ಸುರಕ್ಷಿತವಾಯಿತು ಎಂದುಕೊಂಡು ಬಿಪಿ ಮಾತ್ರೆ ಬಿಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಹೋಮೋಸಿಸ್ಟೀನಿಗೆಂದು ತೆಗೆಯುವ ಸ್ಯಾಂಪಲ್ಲಿನ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಿರಿಂಜಿನಿಂದ ಸೀಸೆಗೆ ಬಿದ್ದ ರಕ್ತದಲ್ಲಿ ಕೆಂಪು ಕಣಗಳು ಸುಮ್ಮನೆ ಕೂರುವುದಿಲ್ಲ. ಹೊರಗೆ ಬಂದ ಮೇಲೂ ಹೋಮೋಸಿಸ್ಟೀನ್ ಬಿಡುತ್ತಲೇ ಇರುತ್ತವೆ. ಕೋಣೆಯ ಬಿಸಿಯಲ್ಲಿ ಬಿಟ್ಟರೆ ಗಂಟೆಗೆ ಸುಮಾರು ಶೇಕಡಾ 10ರಷ್ಟು ಏರುತ್ತದೆ. ಅದಕ್ಕೇ ಸೀಸೆಯನ್ನು ಐಸಿನಲ್ಲಿಟ್ಟು, ಬೇಗ ಯಂತ್ರದಲ್ಲಿ ತಿರುಗಿಸಿ ಕಣಗಳನ್ನು ಬೇರ್ಪಡಿಸಬೇಕು. ಮನೆಗೆ ಬಂದು ರಕ್ತ ತೆಗೆದ ಹುಡುಗ, ಇನ್ನೂ ಹತ್ತು ಮನೆ ಮುಗಿಸಿ, ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ ದಾಟಿ ಲ್ಯಾಬ್ ಸೇರುವಷ್ಟರಲ್ಲಿ, ಚೀಲದಲ್ಲಿ ಐಸ್ ಇಲ್ಲದಿದ್ದರೆ ಒಳ್ಳೆಯ ರಕ್ತವೂ ಕೆಟ್ಟ ಸಂಖ್ಯೆ ಹೇಳುತ್ತದೆ. ಬಿಸಿಲಲ್ಲಿ ಓಡಾಡುವ ಆ ಹುಡುಗನ ತಪ್ಪಲ್ಲ ಅದು. 'ಐಸ್ ತಂದಿದ್ದೀಯೇನಪ್ಪಾ' ಎಂದು ನಾವು ಒಂದು ಮಾತು ಕೇಳಬೇಕು.

ಇತ್ತೀಚೆಗೆ ಹೆಚ್ಚು ಕೇಳುತ್ತಿರುವ ಇನ್ನೊಂದು ಹೆಸರು ಟಿಎಂಎಒ. 2011ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸ್ಟ್ಯಾನ್ಲಿ ಹೇಜನ್ ತಂಡ ಇದನ್ನು ಹೃದಯಕ್ಕೆ ತಳುಕು ಹಾಕಿತು. ಮೊಟ್ಟೆಯ ಹಳದಿಯಲ್ಲಿ, ಕೆಂಪು ಮಾಂಸದಲ್ಲಿ ಇರುವ ಕೆಲವು ಪದಾರ್ಥಗಳನ್ನು ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು ಒಂದು ವಾಸನೆಯ ಅನಿಲವಾಗಿ ಮಾಡುತ್ತವೆ. ಯಕೃತ್ತು ಅದನ್ನು ಟಿಎಂಎಒ ಮಾಡುತ್ತದೆ. ಮೂತ್ರಪಿಂಡ ಅದನ್ನು ಹೊರಗೆ ಹಾಕುತ್ತದೆ. 2013ರಲ್ಲಿ ಅದೇ ತಂಡ ಆರೋಗ್ಯವಂತರಿಗೆ ಬೇಯಿಸಿದ ಮೊಟ್ಟೆ ತಿನ್ನಿಸಿ ನೋಡಿತು: ರಕ್ತದಲ್ಲೂ ಮೂತ್ರದಲ್ಲೂ ಟಿಎಂಎಒ ಏರಿತು. ಆಂಟಿಬಯಾಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾ ತಗ್ಗಿಸಿ ಮತ್ತೆ ಮೊಟ್ಟೆ ಕೊಟ್ಟರೆ ಏರಲೇ ಇಲ್ಲ. ಜೊತೆಗೆ 4,007 ರೋಗಿಗಳನ್ನು ಮೂರು ವರ್ಷ ಗಮನಿಸಿದಾಗ, ಅತಿ ಕಡಿಮೆ ಇದ್ದ ಕಾಲುಭಾಗದವರಿಗಿಂತ, ಟಿಎಂಎಒ ಅತಿ ಹೆಚ್ಚಿದ್ದ ಕಾಲುಭಾಗದವರಲ್ಲಿ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ಸಾವು ಸುಮಾರು ಎರಡೂವರೆ ಪಟ್ಟು ಹೆಚ್ಚು. ನಮ್ಮ ಹೊಟ್ಟೆಯಲ್ಲಿ ಬಾಡಿಗೆಗಿರುವ ಜೀವಿಗಳು ಎದೆಯ ಹಣೆಬರಹಕ್ಕೂ ಕೈ ಹಾಕುತ್ತವೆ ಎಂಬುದು ಬೆರಗಿನ ಸಂಗತಿಯೇ.

ಆದರೆ ಮಂಗಳೂರಿನ ದಕ್ಕೆಗೆ ಹೋಗಿ ನಿಂತು ಯೋಚಿಸಿ. ಸಮುದ್ರದ ಮೀನಿನ ಮೈಯಲ್ಲೇ ಟಿಎಂಎಒ ತುಂಬಿರುತ್ತದೆ. ಹಳತಾದ ಮೀನಿನ ಆ ನಾತ ಅದು ಒಡೆದೇ ಬರುವುದು. ಒಂದು ಊಟ ಮೀನು ತಿಂದರೆ ಇದರ ಮಟ್ಟ ಮೊಟ್ಟೆ ಮಾಂಸಕ್ಕಿಂತ ಎಷ್ಟೋ ಮೇಲೆ ಹಾರುತ್ತದೆ. ಬೂತಾಯಿ, ಬಂಗುಡೆಯಂಥ ಮೀನನ್ನೋ ಹೃದಯಕ್ಕೆ ಒಳ್ಳೆಯದು ಎಂದು ಡಾಕ್ಟರೇ ತಿನ್ನಲು ಹೇಳುತ್ತಾರೆ! ಇನ್ನೊಂದು ತೊಡಕೂ ಇದೆ. ಮೂತ್ರಪಿಂಡ ಸೋತವರಲ್ಲಿ ಟಿಎಂಎಒ ಹೊರಹೋಗದೆ ರಕ್ತದಲ್ಲೇ ಉಳಿಯುತ್ತದೆ, ಮೂತ್ರಪಿಂಡ ಸೋತವರಿಗೆ ಹೃದಯದ ಕಾಯಿಲೆ ಹೇಗೂ ಹೆಚ್ಚು. ಹಾಗಾದರೆ ಟಿಎಂಎಒ ಅಪರಾಧಿಯೋ, ಅಪರಾಧ ನಡೆದ ಜಾಗದಲ್ಲಿ ಕಂಡ ಹೆಜ್ಜೆಯೋ? ವಾದ ಇನ್ನೂ ನಡೆಯುತ್ತಿದೆ. ಅದು ಮುಗಿಯುವ ಮೊದಲೇ ಈ ಪರೀಕ್ಷೆಗೆ ದುಡ್ಡು ಸುರಿಯಬೇಕಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಆತುರ ಎಂಥ ಎಡವಟ್ಟು ಮಾಡುತ್ತದೆಂಬುದಕ್ಕೆ 2002ರ ಒಂದು ಉದಾಹರಣೆ ಸಾಕು. ರಕ್ತದ ಸ್ಯಾಂಪಲ್ಲನ್ನು, ಅಣುಗಳ ಚಹರೆ ಗುರುತಿಸುವ ಎನ್‌ಎಂಆರ್ ಯಂತ್ರಕ್ಕೆ ಕೊಟ್ಟು, ಅದರ ಚಯಾಪಚಯದ ಚಿತ್ರ ನೋಡಿಯೇ ಹೃದಯದ ರಕ್ತನಾಳ ಕಟ್ಟಿದೆಯೋ ಇಲ್ಲವೋ ಹೇಳಬಹುದು, ಆಂಜಿಯೋಗ್ರಾಮ್ ಬೇಡ ಎಂಬ ಆಶೆ ಹುಟ್ಟಿಸಿದ ಲೇಖನ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಬಂತು. 2006ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಂದು ತಂಡ ಮತ್ತೆ ಪರೀಕ್ಷಿಸಿ ಬರೆಯಿತು: ಗಂಡು ಹೆಣ್ಣಿನ ವ್ಯತ್ಯಾಸ, ಕೊಲೆಸ್ಟ್ರಾಲಿಗೆ ನುಂಗುವ ಸ್ಟ್ಯಾಟಿನ್ ಮಾತ್ರೆ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಆ ಚಿತ್ರದ ಕಣಿ ಬಹಳ ದುರ್ಬಲ. ವಿಜ್ಞಾನ ತನ್ನ ಮಾತನ್ನು ತಾನೇ ತಿದ್ದಿಕೊಂಡ ಈ ನಾಲ್ಕು ವರ್ಷದ ಕಥೆಯನ್ನು ಚೆಕಪ್ ಪ್ಯಾಕೇಜುಗಳ ಜಾಹೀರಾತಿನ ಪಕ್ಕ ಅಚ್ಚು ಹಾಕಬೇಕು.

ಈ ಹೊಸ ಹೆಸರುಗಳನ್ನು ಬದಿಗಿಟ್ಟು, ನಮ್ಮವರ ಎದೆಗೆ ಏನಾಗುತ್ತಿದೆ ಎಂದು ತಿಳಿಯಲು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಮುಂದಾಳಾಗಿದ್ದ 'ಇಂಟರ್‌ಹಾರ್ಟ್' ಅಧ್ಯಯನ ದೊಡ್ಡ ಉಪಕಾರ ಮಾಡಿತು. 52 ದೇಶಗಳನ್ನು ಸುತ್ತಿ 2004ರಲ್ಲಿ ಅದು ಹೇಳಿದ್ದೇನು? ಹಾರ್ಟ್ ಅಟ್ಯಾಕಿನ ಅಪಾಯದ ಬಹುಪಾಲು ಒಂಬತ್ತೇ ಸಂಗತಿಗಳಲ್ಲಿದೆ. ಕೆಟ್ಟ ಕೊಬ್ಬು, ಬೀಡಿ ಸಿಗರೇಟು, ಶುಗರ್, ಬಿಪಿ, ಹೊಟ್ಟೆಯ ಬೊಜ್ಜು ಅವುಗಳಲ್ಲಿ ಮುಖ್ಯ. ದಕ್ಷಿಣ ಏಷ್ಯಾದವರಿಗೆ ಮೊದಲ ಹಾರ್ಟ್ ಅಟ್ಯಾಕ್ ಬಂದ ಸರಾಸರಿ ವಯಸ್ಸು 53, ಉಳಿದವರಿಗೆ ಸುಮಾರು 59. ಆರು ವರ್ಷ ಮೊದಲು! ಮಗಳ ಮದುವೆ, ಮಗನ ಓದು, ಮನೆಯ ಸಾಲ ಎಲ್ಲ ಅರ್ಧಕ್ಕಿರುವ ವಯಸ್ಸು ಅದು.

ಎದೆ ನೋಯುತ್ತಿರುವಾಗ ಲ್ಯಾಬಿಗೆ ಹೋಗುವವರೂ ಇದ್ದಾರೆ, ದಯವಿಟ್ಟು ಹೋಗಬೇಡಿ. ಹೃದಯದ ಸ್ನಾಯು ಸತ್ತಾಗ ರಕ್ತಕ್ಕೆ ಸೋರುವ ಟ್ರೋಪೋನಿನ್ ಏರಲು ಕೆಲವು ಗಂಟೆ ಹಿಡಿಯಬಹುದು, ಮೊದಲ ಸಲ ಸರಿ ಇದೆ ಎಂದು ಬಂದರೂ ನಂಬುವಂತಿಲ್ಲ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರಲ್ಲಿ ಕೆಲವು ಟ್ರೋಪೋನಿನ್ ಪರೀಕ್ಷೆಗಳು ತಪ್ಪಾಗಿ ಕಡಿಮೆ ತೋರಿಸುತ್ತವೆ ಎಂದು ಅಮೆರಿಕದ ಔಷಧ ಇಲಾಖೆ 2017ರಲ್ಲೇ ಎಚ್ಚರಿಸಿದೆ. ಬಯೋಟಿನ್ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ. ಎದೆನೋವಿಗೆ ಮೊದಲು ಬೇಕಾದ್ದು ಇಸಿಜಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ನಮ್ಮ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿಗೆ ಇಸಿಜಿಯನ್ನೂ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನೂ ತಂದಿರುವುದು ಇದಕ್ಕೇ.

ನೋವಿಲ್ಲದ ದಿನಗಳಲ್ಲಿ ಮಾಡಿಸಬೇಕಾದದ್ದು ಯಾವುದು ಎಂದು ಕೇಳಿದರೆ, ಬಿಪಿ, ಶುಗರ್, ಲಿಪಿಡ್ ಪ್ರೊಫೈಲ್ ಜೊತೆಗೆ ನಾನು ಒಂದು ಮೂತ್ರಪರೀಕ್ಷೆಯ ಹೆಸರು ಹೇಳುತ್ತೇನೆ. ಕಳೆದ ವರ್ಷ ನಮ್ಮ ಸೋದರತ್ತೆ ತುಮಕೂರಿನಿಂದ ಬಂದವರು, ಎಂಬತ್ತಕ್ಕೂ ಹೆಚ್ಚು ಪರೀಕ್ಷೆಗಳ ಪ್ಯಾಕೇಜಿನ ರಿಪೋರ್ಟನ್ನು ನನ್ನ ಮುಂದಿಟ್ಟು, 'ಇಷ್ಟು ದುಡ್ಡು ಕೊಟ್ಟಿದ್ದೀನಿ, ನನ್ನ ಎದೆ ಹೇಗಿದೆ ಅಂತ ಒಂದು ಸಾಲಲ್ಲಿ ಹೇಳೋ' ಎಂದರು. ಅವರಿಗೆ ಶುಗರ್, ಬಿಪಿ ಎರಡೂ ಹದಿನೈದು ವರ್ಷದಿಂದ. ಪುಟ ತಿರುವಿದೆ. ಸತು, ತಾಮ್ರ, ಹೋಮೋಸಿಸ್ಟೀನ್ ಎಲ್ಲ ಇತ್ತು. ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾತ್ರ ಇರಲಿಲ್ಲ.

'ಅತ್ತೆ, ನಿಮ್ಮ ಎರಡು ಮೂತ್ರಪಿಂಡಗಳೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸೋಸುಕಗಳು. ಅವು ಕೂದಲಿಗಿಂತ ತೆಳುವಾದ ರಕ್ತನಾಳಗಳ ಉಂಡೆಗಳು. ರಕ್ತದ ಆಲ್ಬುಮಿನ್ ಎಂಬ ಪ್ರೋಟೀನ್ ಅವುಗಳಿಂದ ಆಚೆ ಹೋಗಬಾರದು. ಶುಗರ್, ಬಿಪಿ ಆ ಗೋಡೆಯನ್ನು ಸವೆಸಿದರೆ ಸೋರಲು ಶುರುವಾಗುತ್ತದೆ. ಅಲ್ಲಿ ಸವೆದ ಒಳಪೊರೆ ಎದೆಯ ನಾಳದಲ್ಲೂ ಇದೆ' ಎಂದೆ.

'ಮೂತ್ರ ನೋಡಿ ಎದೆ ಹೇಳ್ತಾರೇನೋ?'

'ಹೇಳುತ್ತಾರೆ. 1984ರಲ್ಲೇ ಡೆನ್ಮಾರ್ಕಿನ ಮೊಗೆನ್‌ಸನ್ ಎಂಬ ಡಾಕ್ಟರು ತೋರಿಸಿಕೊಟ್ಟರು. ಶುಗರ್ ಇದ್ದವರ ಮೂತ್ರದಲ್ಲಿ ಸಣ್ಣ ಪ್ರಮಾಣದ ಆಲ್ಬುಮಿನ್ ಕಂಡರೆ ಅಂಥವರ ಆಯುಸ್ಸಿಗೇ ಅಪಾಯ ಹೆಚ್ಚು ಅಂತ.'

ಬೆಳಗಿನ ಮೊದಲ ಮೂತ್ರವನ್ನು, ಆರಂಭದ ಧಾರೆ ಬಿಟ್ಟು ನಡುವಿನದನ್ನು ಹಿಡಿದು ಕೊಟ್ಟು ಬಂದರು. ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ 30ರ ಒಳಗಿರಬೇಕು, ಅವರದು 86. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಮೈಮುರಿಯುವ ಕೆಲಸ ಇವುಗಳಿಂದಲೂ ತಾತ್ಕಾಲಿಕವಾಗಿ ಏರುವುದರಿಂದ ಡಾಕ್ಟರು ಮತ್ತೊಮ್ಮೆ ಮಾಡಿಸಿ ಖಾತ್ರಿ ಮಾಡಿಕೊಂಡರು. ಬಿಪಿಯ ಮಾತ್ರೆ ಬದಲಿಸಿ, ಸೋರುವುದನ್ನು ತಡೆಯುವ ಟೆಲ್ಮಿಸಾರ್ಟನ್ ಕೊಟ್ಟರು. ನಿಲ್ಲಿಸಿಬಿಟ್ಟಿದ್ದ ಕೊಲೆಸ್ಟ್ರಾಲ್ ಮಾತ್ರೆಯನ್ನು ಮತ್ತೆ ಶುರು ಮಾಡಿಸಿದರು. ಅಮಟೆಕಾಯಿ ಉಪ್ಪಿನಕಾಯಿ ವಾರಕ್ಕೊಮ್ಮೆ ಎಂದು ಒಪ್ಪಂದವಾಯಿತು. ಕೆಲವು ತಿಂಗಳ ಮೇಲೆ ನೋಡಿದಾಗ ಸಂಖ್ಯೆ 41ಕ್ಕೆ ಬಂದಿತ್ತು. ಅತ್ತೆ ಈಗ ತಮ್ಮ ಭಜನಾ ಮಂಡಳಿಯಲ್ಲಿ ಶುಗರ್ ಇರುವ ಗೆಳತಿಯರಿಗೆಲ್ಲ 'ಯೂರಿನ್ ಆಲ್ಬುಮಿನ್ ಕ್ರಿಯಾಟಿನಿನ್ ರೇಶಿಯೋ' ಎಂದು ದುಂಡು ಕನ್ನಡ ಅಕ್ಷರದಲ್ಲಿ ಚೀಟಿ ಬರೆದು ಹಂಚುತ್ತಿದ್ದಾರೆ. ಹೋದ ವಾರ ಫೋನ್ ಮಾಡಿ, ಅವರಲ್ಲಿ ಇಬ್ಬರಿಗೆ 30 ದಾಟಿದೆ, ಯಾವ ಡಾಕ್ಟರ ಹತ್ತಿರ ಕಳಿಸಲಿ ಎಂದು ಕೇಳಿದರು.